ಮೂರು ದೇಶ ಬೇಡ, ಒಂದು ಓಣಿ ಸಾಕು

ಮಾರ್ಚ್ ಬಂತೆಂದರೆ ದಾವಣಗೆರೆಯಲ್ಲಿ ಟೂರ್ ಪ್ಯಾಕೇಜುಗಳ ಮಾತು ಶುರುವಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತು, ಬಿಸಿಲು ಏರುವ ಹೊತ್ತು. ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರಾದರೂ ಒಂದು ಬಣ್ಣದ ಪಟ ಹಾಕುತ್ತಾರೆ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್, ಮೂರೂ ಒಂದೇ ವಾರದಲ್ಲಿ. ಬೆಳಗ್ಗೆ ತಿಂಡಿ ಮುಗಿಸಿ ಬಸ್ ಹತ್ತಿದರೆ ರಾತ್ರಿ ಊಟಕ್ಕೇ ಇಳಿಯುವುದು.

ದೊಡ್ಡವರಷ್ಟೇ ಹೊರಟಿದ್ದರೆ ಇದಕ್ಕೆ ನನ್ನ ತಕರಾರಿಲ್ಲ. ಆದರೆ ಮಡಿಲಲ್ಲಿ ಒಂದು ಕೂಸು, ಕೈ ಹಿಡಿದು ನಡೆಯುವ ಇನ್ನೊಂದು ಇದ್ದರೆ ಈ ಲೆಕ್ಕ ಕೂಡಿ ಬರುವುದಿಲ್ಲ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಖಂಡಿತ ಹೋಗಬೇಕು ಅನ್ನುವವಳು ನಾನು. ಹೋಗುವುದಾದರೆ ಒಂದೇ ಊರಿಗೆ ಹೋಗಬೇಕು, ಆ ಊರಿನ ಒಂದು ಓಣಿಯಲ್ಲಿ ನಾಲ್ಕು ದಿನ ನೆಲೆ ನಿಲ್ಲಬೇಕು. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಾವು ಹೋಗಿದ್ದು ಸಿಂಗಾಪುರಕ್ಕೆ. ನನ್ನ ನಾದಿನಿ ಅಲ್ಲಿನ ಟೋವಾ ಪಾಯೋ ಅನ್ನುವ ಬಡಾವಣೆಯಲ್ಲಿ ಇದ್ದಾಳೆ. ಮಗಳಿಗೆ ಆಗ ಆರು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಹೊರಡುವ ಮಾತು ಎತ್ತಿದಾಗ ಮನೆಯಲ್ಲಿ ಬಂದ ಮೊದಲ ಪ್ರಶ್ನೆ ಅತ್ತೆಯದು. "ಆ ಕೂಸಿಗೆ ಏನು ನೆನಪಿರ್ತತಿ? ಸ್ವಲ್ಪ ದೊಡ್ಡೋನಾಗ್ಲಿ, ಆಮೇಲೆ ಹೋಗ್ರಿ." ಸಿಟ್ಟಿನಿಂದ ಕೇಳಿದ್ದಲ್ಲ. ದುಡ್ಡು ಸುಮ್ನೆ ಬರುವುದಿಲ್ಲ ಅಂತ ಗೊತ್ತಿರುವವರು ಕೇಳುವ ಪ್ರಶ್ನೆ ಅದು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೂರು ವರ್ಷಕ್ಕಿಂತ ಮೊದಲಿನ ಸಂಗತಿಗಳು ಹೆಚ್ಚಿನವರಿಗೆ ದೊಡ್ಡವರಾದ ಮೇಲೆ ನೆನಪಿರುವುದಿಲ್ಲ. ಆದರೆ ನಡೆಯಲು ಕಲಿತ ದಿನವೂ ಯಾರಿಗೂ ನೆನಪಿಲ್ಲ, ಅಲ್ವಾ? ಆ ವಯಸ್ಸಿನಲ್ಲಿ ನಾವು ಕೊಡುವುದೆಲ್ಲ ಹಾಗೇ ಹೋಗಿ ಒಳಗೆ ಸೇರುತ್ತದೆ. ಹೊಸ ಮುಖ ಕಂಡರೆ ಹೆದರದೆ ಇರುವುದು, ಬೇರೆ ಹಾಸಿಗೆಯಲ್ಲೂ ನಿದ್ದೆ ಮಾಡುವುದು, ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೂ ಆಟ ಮುಂದುವರಿಸುವುದು. ಇನ್ನೊಂದು ಮಾತೂ ಇದೆ. ನೆನಪು ಬರೀ ಅವನದಲ್ಲ, ನನ್ನದೂ ಹೌದು. ಅವನು ಇಷ್ಟು ಸಣ್ಣವನಾಗಿದ್ದಾಗ ಅವನ ಜೊತೆ ಲೋಕ ನೋಡುವ ಆಸೆ ನನಗಿತ್ತು. ಆ ವಯಸ್ಸು ಮತ್ತೆ ಬರುವುದಿಲ್ಲ. ಅತ್ತೆಗೆ ಇದನ್ನೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ರಾಗಿ ಹುರಿಹಿಟ್ಟಿಗೆ ರಾಗಿ ನೆನೆ ಹಾಕಿದ್ದರು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಆದರೂ ಇದನ್ನು ಬಿಟ್ಟರೆ ಓದಿದವರಿಗೆ ಉಪಯೋಗವಿಲ್ಲ. ಮಗು ಎಷ್ಟೇ ಸಣ್ಣದಿರಲಿ, ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಆಯಸ್ಸು 5 ವರ್ಷ ಮಾತ್ರ. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನಾವೇ ತೆಗೆಸಿಕೊಂಡು ಹೋಗಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಆಧಾರ. ನಮ್ಮ ಕಡೆ ಇಲ್ಲೇ ತೊಡಕು. ಹೆರಿಗೆಯಾದ ಕೂಡಲೇ ಪತ್ರ ಬರುತ್ತದೆ, ಹೆಸರಿಡುವುದು ತೊಟ್ಟಿಲ ಕಾರ್ಯ ಆದ ಮೇಲೆ. ಎಷ್ಟೋ ಮಕ್ಕಳ ಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಉಳಿದಿರುತ್ತದೆ. ಟಿಕೆಟ್ ನೋಡುವ ಮೊದಲು ಆ ಪತ್ರ ತೆಗೆದು ನೋಡಿ. ಹೆಸರಿನ ಹಿಂದಿನ ಇನಿಷಿಯಲ್ ಬಿಡಿಸಿ ಬರೆಯುವಾಗ ಅಪ್ಪ, ಅಮ್ಮ, ಮಗು ಮೂವರದ್ದೂ ಒಂದಕ್ಕೊಂದು ಹೊಂದುತ್ತದಾ ಅಂತಲೂ ನೋಡಿಕೊಳ್ಳಿ. ಸಿಂಗಾಪುರಕ್ಕೆ ವೀಸಾ ಮಗುವಿಗೂ ಬೇಕು. ಒಳಗೆ ಹೋಗುವ ದಿನಕ್ಕೆ ಪಾಸ್‌ಪೋರ್ಟಿನಲ್ಲಿ ಆರು ತಿಂಗಳಾದರೂ ಬಾಕಿ ಇರಬೇಕು. ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು, ಮಡಿಲ ಕೂಸಿಗೂ ಸೇರಿ. ಅದು ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಎರಡು ವರ್ಷ ತುಂಬುವವರೆಗೆ ಮಗುವಿಗೆ ಬೇರೆ ಸೀಟು ಬೇಕಿಲ್ಲ, ಮಡಿಲಲ್ಲೇ ಕೂರಿಸಿಕೊಳ್ಳಬಹುದು. ಟಿಕೆಟ್ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ, ಜೊತೆಗೆ ತೆರಿಗೆ. ಹೋಗುವಾಗ ಎರಡರೊಳಗಿದ್ದು ವಾಪಸ್ ಬರುವಷ್ಟರಲ್ಲಿ ಹುಟ್ಟುಹಬ್ಬ ಬಂದರೆ ಬರುವ ದಾರಿಗೆ ಸೀಟು ಕೊಳ್ಳಬೇಕಾಗುತ್ತದೆ. ಹಾಗಾಗಿ ನಾವು ಮಗನ ಹುಟ್ಟುಹಬ್ಬಕ್ಕಿಂತ ಮೊದಲೇ ಮುಗಿಯುವ ಹಾಗೆ ದಿನ ಗೊತ್ತು ಮಾಡಿಕೊಂಡೆವು.

ಇನ್ನು ದಾರಿ. ದಾವಣಗೆರೆಯವರಿಗೆ ವಿಮಾನ ಹತ್ತುವುದಕ್ಕಿಂತ ವಿಮಾನ ನಿಲ್ದಾಣ ಮುಟ್ಟುವುದೇ ದೊಡ್ಡ ಪ್ರಯಾಣ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಬೆಂಗಳೂರಿನ ಟ್ರಾಫಿಕ್ಕಿಗೆ ಸಿಗದೆ ಹೋದರೂ ಐದು ಗಂಟೆ ಹತ್ತಿರ ಹತ್ತಿರ ಆಗುತ್ತದೆ. ಅಲ್ಲಿಂದ ಸಿಂಗಾಪುರಕ್ಕೆ ವಿಮಾನ ನಾಲ್ಕೂವರೆ ಗಂಟೆ. ಅಂದರೆ ಮಕ್ಕಳ ದಣಿವಿನ ಅರ್ಧ ಲೆಕ್ಕ ಹೆದ್ದಾರಿಯ ಮೇಲೆಯೇ ಬಿದ್ದುಹೋಗುತ್ತದೆ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ನಾವು ಮಧ್ಯಾಹ್ನದ ಊಟ ಮುಗಿಸಿಯೇ ಹೊರಟೆವು. ಹಿರಿಯೂರಿನ ಹತ್ತಿರ ಒಂದು ಹೋಟೆಲಿನ ಅಂಗಳದಲ್ಲಿ ಮಕ್ಕಳನ್ನು ಬಿಟ್ಟು, ಸಾಕಾಗುವಷ್ಟು ಓಡಾಡಲು ಬಿಟ್ಟೆವು. ನನ್ನ ಗಂಡನಿಗೆ ಗಡಿಯಾರದ ಚಿಂತೆ. ಆದರೆ ಆ ಓಡಾಟವೇ ರಾತ್ರಿಯ ವಿಮಾನದಲ್ಲಿ ನಿದ್ದೆಯಾಗಿ ಬಂತು.

ವಿಮಾನದಲ್ಲಿ ಮಕ್ಕಳು ಅಳುವುದು ಹೆಚ್ಚಾಗಿ ಇಳಿಯುವಾಗ. ಕಾರಣ ಕಿವಿ. ಕಿವಿಯ ಒಳಗಿನಿಂದ ಗಂಟಲ ಕಡೆಗೆ ಒಂದು ಸಣ್ಣ ನಳಿಕೆ ಇದೆ. ವಿಮಾನ ಕೆಳಗಿಳಿದ ಹಾಗೆ ಹೊರಗಿನ ಗಾಳಿಯ ಒತ್ತಡ ಏರುತ್ತದೆ, ಆ ನಳಿಕೆ ತೆರೆದು ಎರಡೂ ಕಡೆ ಸರಿ ಮಾಡಬೇಕು. ಮಕ್ಕಳಲ್ಲಿ ಅದು ಕಿರಿದು, ಓರೆಯೂ ಕಡಿಮೆ. ಬೇಗ ತೆರೆಯುವುದಿಲ್ಲ. ನುಂಗಿದಾಗ ತೆರೆಯುತ್ತದೆ. ಅದಕ್ಕೇ ಹಾಲು ಕುಡಿಸುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಕು. ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ಇಳಿಯಲು ಶುರು ಮಾಡುತ್ತಾರೆ. ಆಗಲೇ ಮಗುವನ್ನು ಎಬ್ಬಿಸಬೇಕು, ನಿದ್ದೆಯಲ್ಲಿ ನುಂಗುವುದು ಕಡಿಮೆ. ಮಗನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ, ಆದರೂ ಎಬ್ಬಿಸಿದೆ. ಕಣ್ಣು ಬಿಡದೆಯೇ ಹಾಲು ಕುಡಿದ. ಮಗಳಿಗೆ ಗುಟುಕು ಗುಟುಕಾಗಿ ನೀರು. ಮಕ್ಕಳ ಹಾಲು, ಆಹಾರಕ್ಕೆ 100 ಮಿ.ಲೀ. ಮಿತಿ ಇಲ್ಲ, ದಾರಿಗೆ ಬೇಕಾದಷ್ಟು ಒಯ್ಯಬಹುದು. ತಪಾಸಣೆಯ ಜಾಗದಲ್ಲಿ ಹೊರಗೆ ತೆಗೆದು ತೋರಿಸಿದರೆ ಆಯಿತು.

ಈಗ ಪ್ಯಾಕೇಜಿನ ಮಾತಿಗೆ ಬರುತ್ತೇನೆ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಕೇಳಲು ಸಣ್ಣ ವಿಷಯ. ಆದರೆ ಬೆಳಗ್ಗೆ 8ಕ್ಕೆ ಬಸ್ ಹೊರಡುತ್ತದೆ ಅಂದರೆ ನಮ್ಮ ಮಕ್ಕಳ ಮೈಗೆ ಅದು ಬೆಳಗಿನ ಜಾವ ಐದೂವರೆ! ತಯಾರಾಗಲು ಒಂದೂವರೆ ಗಂಟೆ ಹಿಡಿದರೆ ನಾಲ್ಕು ಗಂಟೆಗೆ ಎಬ್ಬಿಸಿದ ಹಾಗೆ. ಒಂದು ದಿನ ಎಬ್ಬಿಸಬಹುದು. ದಿನಾ ಎಬ್ಬಿಸಿದರೆ ಮೂರನೇ ದಿನ ಮಗು ಊಟ ಬಿಡುತ್ತದೆ, ನಾಲ್ಕನೇ ದಿನ ಜ್ವರ. ಆಮೇಲೆ "ಮಕ್ಕಳನ್ನ ಕರ್ಕೊಂಡು ಹೋದ್ರೆ ಇದೇ ಗೋಳು" ಅನ್ನುತ್ತಾರೆ. ಗೋಳು ಮಕ್ಕಳದ್ದಲ್ಲ, ವೇಳಾಪಟ್ಟಿಯದ್ದು.

ನಾವು ಮಕ್ಕಳ ಮೈಗಡಿಯಾರವನ್ನು ಹಾಗೇ ಬಿಟ್ಟುಬಿಟ್ಟೆವು. ಅಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದರು, ಬೆಳಗ್ಗೆ ಒಂಬತ್ತಕ್ಕೆ ಏಳುತ್ತಿದ್ದರು. ಸಮಭಾಜಕ ವೃತ್ತದ ಪಕ್ಕದ ಊರು, ವರ್ಷವಿಡೀ ಸೂರ್ಯ ಏಳುವುದು ಏಳರ ಆಸುಪಾಸು, ಮುಳುಗುವುದೂ ಏಳರ ಆಸುಪಾಸು. ಸಂಜೆಯ ಮೇಲೆ ಊರು ಕಳೆ ಕಟ್ಟುತ್ತದೆ. ಮಕ್ಕಳು ತಡವಾಗಿ ಮಲಗಿದರೆ ಅಲ್ಲಿ ಏನೂ ತಪ್ಪಿಹೋಗುವುದಿಲ್ಲ.

ಟೋವಾ ಪಾಯೋ ಸರ್ಕಾರ ಕಟ್ಟಿಸಿದ ಮನೆಗಳ ಬಡಾವಣೆ. ಸಿಂಗಾಪುರದ ಜನರಲ್ಲಿ ಹತ್ತರಲ್ಲಿ ಎಂಟು ಮಂದಿಯಷ್ಟು ಇಂಥ ಮನೆಗಳಲ್ಲೇ ಇರುವುದು. 1960ರಲ್ಲಿ ಶುರುವಾದ ವಸತಿ ಮಂಡಳಿ ಅವನ್ನು ಕಟ್ಟುತ್ತದೆ. ಹತ್ತು, ಹದಿನೈದು ಮಹಡಿ, ಅದಕ್ಕೂ ಮೇಲೆ. ಹಲವು ಕಟ್ಟಡಗಳಲ್ಲಿ ನೆಲಮಹಡಿಯಲ್ಲಿ ಮನೆಗಳಿಲ್ಲ. ಬರೀ ಕಂಬಗಳು, ನೆರಳು, ಕೂರಲು ಕಲ್ಲಿನ ಬೆಂಚು, ಮೇಜು. ವಾಯ್ಡ್ ಡೆಕ್ ಅನ್ನುತ್ತಾರೆ. ಮದುವೆಯೂ ಅಲ್ಲೇ, ಸಾವಿನ ಕಾರ್ಯವೂ ಅಲ್ಲೇ, ಮುದುಕರ ಹರಟೆಯೂ ಅಲ್ಲೇ. ನಮ್ಮ ಹಳ್ಳಿಯ ಅರಳಿಕಟ್ಟೆಯನ್ನು ತಂದು ಕಟ್ಟಡದ ಕೆಳಗೆ ಇಟ್ಟ ಹಾಗೆ.

ಒಂದು ಮಧ್ಯಾಹ್ನ ಸೆಂಟೋಸಾ ಅನ್ನುವ ವಿಹಾರ ದ್ವೀಪಕ್ಕೆ ಹೊರಟಿದ್ದೆವು. ಲಿಫ್ಟ್ ಇಳಿದು ಹೊರಗೆ ಕಾಲಿಡುವಷ್ಟರಲ್ಲಿ ಮಳೆ ಸುರಿಯಿತು. ಅಲ್ಲಿನ ಮಳೆ ಹಾಗೇ, ಸದ್ದಿಲ್ಲದೆ ಮೋಡ ಕಟ್ಟಿ ಒಮ್ಮೆಗೇ ಬಿಂದಿಗೆ ಸುರಿದಂತೆ. ನಾವು ವಾಯ್ಡ್ ಡೆಕ್ಕಿನಲ್ಲೇ ಉಳಿದೆವು. ಮಗಳು ಕಂಬದಿಂದ ಕಂಬಕ್ಕೆ ಓಡುವ ಆಟ ಹೂಡಿದಳು. ಮೇಲಿನ ಮನೆಯ ಎರಡು ಹುಡುಗಿಯರು ಸೇರಿಕೊಂಡರು, ಒಬ್ಬಳು ಮಲಯ್, ಒಬ್ಬಳು ಚೀನೀ. ಯಾವ ಭಾಷೆಯಲ್ಲಿ ಆಟದ ನಿಯಮ ಹೇಳಿಕೊಂಡರೋ ನನಗೆ ತಿಳಿಯಲಿಲ್ಲ. ಆದರೆ ಜಗಳವೂ ಬಂತು, ರಾಜಿಯೂ ಆಯಿತು. ನಾನು ಚೀಲದಿಂದ ಮಂಡಕ್ಕಿ ಡಬ್ಬಿ ತೆಗೆದೆ. ನಮ್ಮೂರಿನ ಭಟ್ಟಿಯ ಮಂಡಕ್ಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುರಿಗಡಲೆ ಪುಡಿ ಹಾಕಿ, ಮಕ್ಕಳಿಗೆ ಅಂತ ಖಾರ ಕಡಿಮೆ ಮಾಡಿದ್ದು. ಬೇರೆಯವರ ಮಕ್ಕಳಿಗೆ ಕೇಳದೆ ತಿನ್ನಲು ಕೊಡಬಾರದು, ಅಲರ್ಜಿ ಇರಬಹುದು. ಬೆಂಚಿನ ಮೇಲೆ ಕೂತಿದ್ದ ಆ ಚೀನೀ ಹುಡುಗಿಯ ಅಜ್ಜಿಗೆ ಡಬ್ಬಿ ತೋರಿಸಿದೆ, ಕೈಸನ್ನೆಯಲ್ಲಿ ಕೇಳಿದೆ. ಅವರು ಮೊದಲು ನಾಲ್ಕು ಕಾಳು ತಾವು ಬಾಯಿಗೆ ಹಾಕಿಕೊಂಡು, ಅಗಿದು, ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ಮೊಮ್ಮಗಳ ಅಂಗೈ ಹಿಡಿದು ನನ್ನ ಮುಂದೆ ಚಾಚಿದರು. ಮಲಯ್ ಹುಡುಗಿ ತಾನೇ ಮೇಲೆ ಓಡಿಹೋಗಿ ಅಮ್ಮನನ್ನು ಕೇಳಿ ಬಂದಳು. ಮಳೆ ನಿಲ್ಲುವ ಹೊತ್ತಿಗೆ ಡಬ್ಬಿ ಖಾಲಿ. ಅವತ್ತು ಸೆಂಟೋಸಾಗೆ ಹೋಗಲಿಲ್ಲ, ಟಿಕೆಟ್ ದುಡ್ಡು ಹೋಯಿತು. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಮಧ್ಯಾಹ್ನ ಅದು.

ಅದೇ ಬಡಾವಣೆಯಲ್ಲಿ ಒಂದು ಡ್ರ್ಯಾಗನ್ ಇದೆ. 1979ರಲ್ಲಿ ಮಕ್ಕಳು ಆಡಲಿ ಅಂತ ವಸತಿ ಮಂಡಳಿ ಕಟ್ಟಿದ್ದು. ತಲೆಯ ತುಂಬ ಮೊಸಾಯಿಕ್ ತುಣುಕುಗಳು, ಮೈಯೆಲ್ಲ ಕಬ್ಬಿಣದ ಬಳೆಗಳು, ಜಾರಲು ಜಾರುಬಂಡಿ. ಕೆಳಗೆ ಮರಳು. ಅಲ್ಲಿನ ಹೆಚ್ಚಿನ ಹೊಸ ಆಟದ ಜಾಗಗಳಲ್ಲಿ ರಬ್ಬರ್ ನೆಲ ಬಂದಿದೆ, ಇಲ್ಲಿ ಇನ್ನೂ ಮರಳು ಉಳಿದಿದೆ. ಮಗಳು ತಲೆಯಿಂದ ಜಾರಿ ಬಾಲದ ಕಡೆ ಓಡಿದಳು. ಮಗ ಡ್ರ್ಯಾಗನ್ ಕಡೆ ನೋಡಲೇ ಇಲ್ಲ. ಮರಳಿಗೆ ಕಾಲಿಟ್ಟವನು ನಿಂತುಬಿಟ್ಟ. ಬೆರಳುಗಳನ್ನು ಒಂದೊಂದಾಗಿ ಒಳಗೆ ಒತ್ತಿದ, ಹೊರಗೆ ತೆಗೆದ. ಆಮೇಲೆ ಕೂತು ಒಂದು ಮುಷ್ಟಿ ಎತ್ತಿ, ಮುಷ್ಟಿಯ ಕೆಳಗಿನಿಂದ ಮರಳು ಉದುರುವುದನ್ನು ಬಗ್ಗಿ ನೋಡಿದ. ಕೈ ಖಾಲಿಯಾದ ಮೇಲೆ ತಿರುಗಿಸಿ ಅಂಗೈ ನೋಡಿದ, ಎಲ್ಲಿ ಹೋಯಿತು ಅನ್ನುವ ಹಾಗೆ. ಮತ್ತೆ ಎತ್ತಿದ. ಒಂದು ಗಂಟೆಗೂ ಜಾಸ್ತಿ ಇದೇ. ಪ್ಯಾಕೇಜಿನ ಬಸ್ಸಾಗಿದ್ದರೆ "ಫೋಟೋ ತಗೊಳ್ಳಿ, ಹದಿನೈದು ನಿಮಿಷ" ಅನ್ನುತ್ತಿದ್ದರು. ನಮ್ಮನ್ನು ಯಾರೂ ಕರೆಯಲಿಲ್ಲ. ಮಾರನೇ ದಿನವೂ ಅಲ್ಲಿಗೇ ಹೋದೆವು, ಅದರ ಮಾರನೇ ದಿನವೂ.

ಮಕ್ಕಳಿಗೆ ಬೇಕಿರುವುದು ಹೊಸದರ ಸಾಲು ಅಲ್ಲ. ಒಂದು ಹೊಸದು ಪರಿಚಯ ಆಗುವಷ್ಟು ಹೊತ್ತು. ಮೂರನೇ ದಿನ ಮಗ ಲಿಫ್ಟಿನಿಂದ ಇಳಿದು ನಮ್ಮ ಕೈ ಬಿಡಿಸಿಕೊಂಡು ಸರಿಯಾದ ದಿಕ್ಕಿಗೆ ನಡೆದ. ಮಾತು ಇನ್ನೂ ಪೂರ್ತಿ ಬರದವನಿಗೆ ಪರದೇಶದಲ್ಲಿ ಒಂದು ದಾರಿ ಗೊತ್ತಾಗಿತ್ತು. ಇದಕ್ಕಿಂತ ದೊಡ್ಡ ನೋಟ ಯಾವ ದೇಶ ತೋರಿಸೀತು?

ದೊಡ್ಡ ಜಾಗಗಳಿಗೆ ಹೋಗಲೇ ಇಲ್ಲ ಅಂತಲ್ಲ. ಮಂಡಾಯ್‌ನಲ್ಲಿರುವ ಮೃಗಾಲಯಕ್ಕೆ ಹೋದೆವು. 1973ರಲ್ಲಿ ತೆರೆದದ್ದು. ಅಲ್ಲಿ ಆದಷ್ಟು ಕಡೆ ಪಂಜರದ ಬದಲು ಕಂದಕ, ನೀರು, ಗಿಡಗಳನ್ನೇ ಅಡ್ಡ ಇಟ್ಟಿದ್ದಾರೆ. ತಲೆಯ ಮೇಲೆ ಹಗ್ಗ ಹಿಡಿದು ಓರಾಂಗುಟಾನ್ ಹಾದುಹೋದಾಗ ಮಗಳು ನನ್ನ ಸೆರಗು ಹಿಡಿದವಳು ಬಿಡಲಿಲ್ಲ. ಮೂರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮಗ ಅಲ್ಲಿ ನೋಡಿದ್ದು ಮಾತ್ರ ಹೋಟೆಲಿನ ಮೇಜಿನ ಮೇಲೆ ಅನ್ನದ ಅಗುಳು ಹೆಕ್ಕುತ್ತಿದ್ದ ಗೊರವಂಕಗಳನ್ನು. ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಅನ್ನುವ ಮಾಲ್‌ನಲ್ಲಿ 40 ಮೀಟರ್ ಎತ್ತರದ ಛಾವಣಿಯಿಂದ ಕಟ್ಟಡದೊಳಗೇ ಬೀಳುವ ಜಲಪಾತವಿದೆ. ಚೆನ್ನಾಗಿದೆ, ನೋಡಿ. ಮಕ್ಕಳಿಗೆ ಅದಕ್ಕಿಂತ ಎಸ್ಕಲೇಟರ್ ಇಷ್ಟವಾಯಿತು.

ಇಬ್ಬರಿಗೂ ಒಟ್ಟಿಗೆ ಹಿಡಿಸಿದ್ದು ಡಬಲ್ ಡೆಕ್ಕರ್ ಬಸ್ಸು. ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂತರೆ ಎದುರಿಗೆ ಪೂರ್ತಿ ಗಾಜು, ಮರದ ಕೊಂಬೆಗಳು ಮುಖಕ್ಕೇ ಬಂದ ಹಾಗೆ. ಬಸ್ಸು, ರೈಲು ಎರಡರಲ್ಲೂ 0.9 ಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ತಳ್ಳುಗಾಡಿಯನ್ನು ಮಡಚದೆಯೇ ಬಸ್ಸಿನೊಳಗೆ ತಳ್ಳಿಕೊಂಡು ಹೋಗಬಹುದು. ಕಾರಿನ ವಿಷಯದಲ್ಲಿ ಎಚ್ಚರ ಬೇಕು. 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ಅದರಲ್ಲಿ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿಗೆ ಇಲ್ಲ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಜಾಸ್ತಿ ಇರುತ್ತದೆ. ಸಿಂಗಾಪುರದಲ್ಲಿ ಅದು ಬೇಡ. ಸೆರಂಗೂನ್ ರಸ್ತೆಯ ಟೆಕ್ಕಾ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ, ಕರಿಬೇವು, ಮೊಸರು ಎಲ್ಲ ಸಿಗುತ್ತದೆ. ಹಾಕರ್ ಸೆಂಟರ್ ಅನ್ನುವ ಊಟದ ಅಂಗಳಗಳಲ್ಲಿ ಬೌದ್ಧರ ಸಸ್ಯಾಹಾರಿ ಅಂಗಡಿಗಳೂ ಇರುತ್ತವೆ. ನಲ್ಲಿ ನೀರು ಕುಡಿಯಬಹುದು. ಅತ್ತೆ ಕೊಟ್ಟ ಹುರಿಹಿಟ್ಟು ಬೆಳಗಿನ ಹೊತ್ತು ಸಾಕಾಯಿತು.

ಊರಿಗೆ ಬಂದ ಮೇಲೆ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಅಲ್ಲಿ ತಳ್ಳುಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮನೆಯ ಬಾಗಿಲಿನಿಂದ ಬಸ್ಸಿನವರೆಗೆ ಇಳಿಜಾರು ಇದೆ, ನೆರಳಿನ ದಾರಿ ಇದೆ. ಇಲ್ಲಿ ನಮ್ಮ ಮನೆಯ ಗೇಟು ದಾಟಿದರೆ ಗಾಡಿಯನ್ನು ಎತ್ತಿಕೊಂಡೇ ಹೋಗಬೇಕು. ಆದರೆ ದಾವಣಗೆರೆಯ ಸಿಟಿ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತರೆ, ಕೂತವರು ಕೇಳುವ ಮೊದಲೇ "ಕೊಡವ್ವ ಇಲ್ಲಿ" ಅಂತ ಕೈ ಚಾಚಿ ಮಡಿಲಿಗೆ ತಗೊಳ್ಳುತ್ತಾರೆ. ನಮ್ಮ ಜನಕ್ಕೆ ಮಕ್ಕಳೆಂದರೆ ಪ್ರೀತಿ ಕಡಿಮೆ ಇಲ್ಲ. ಆ ಪ್ರೀತಿ ರಸ್ತೆಗೆ, ಪಾರ್ಕಿಗೆ ಇನ್ನೂ ಇಳಿದು ಬಂದಿಲ್ಲ, ಅಷ್ಟೇ. ಕುಂದುವಾಡ ಕೆರೆ, ಗಾಜಿನ ಮನೆ ಇವೆ, ಭಾನುವಾರ ಹೋಗುತ್ತೇವೆ. ಆದರೆ ಸಣ್ಣ ಮಕ್ಕಳಿಗೆ ಬೇಕಾದದ್ದು ದಿನಾ ಸಂಜೆ ಚಪ್ಪಲಿ ಮೆಟ್ಟಿ ಎರಡು ನಿಮಿಷದಲ್ಲಿ ಮುಟ್ಟುವ ಜಾಗ. ಅದನ್ನು ಕಣ್ಣಾರೆ ಕಂಡು ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಮ್ಮ ಕ್ರಾಸಿನ ಕೊನೆಯಲ್ಲಿ ಒಂದು ಪಾರ್ಕಿದೆ. ವಾಕಿಂಗ್ ಮಾಡುವವರಿಗೆ ದಾರಿ ಇದೆ, ಬೆಂಚಿವೆ. ಮಕ್ಕಳಿಗೆ ಅಂತ ಒಂದು ಮೂಲೆಯಲ್ಲಿ ಮರಳು ಹಾಕಿಸೋಣ ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿದೆ. ಖರ್ಚು ಹಂಚಿಕೊಳ್ಳಲು ಕೆಲವರು ಮುಂದೆ ಬಂದಿದ್ದಾರೆ, ಅನುಮತಿಗೆ ಅರ್ಜಿಯೂ ಕೊಟ್ಟಾಗಿದೆ. ನಾಯಿ, ಬೆಕ್ಕು ಗಲೀಜು ಮಾಡುತ್ತವಲ್ಲ ಅಂತ ಒಬ್ಬ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆಯೇ. ಕತ್ತಲಾದ ಮೇಲೆ ಮೇಲೊಂದು ಬಲೆ ಹೊದಿಸಬಹುದು, ವಾರಕ್ಕೊಮ್ಮೆ ಮರಳು ಕೆದಕಿ ಬಿಸಿಲಿಗೆ ಬಿಡಬಹುದು ಅಂದೆ. ಬಲೆ ಎಳೆಯುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ. ಕೆದಕುವುದು ಯಾರು ಅಂತ ಈ ಭಾನುವಾರ ಮಾತಾಡಬೇಕು.